ಲಕ್ವಕ್ಕೆ ಮೊದಲ ವೈದ್ಯರು ಪಕ್ಕದಲ್ಲಿದ್ದವರೇ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯಕ್ಕೆಲ್ಲ ಸುದ್ದಿಯಾದಾಗ ಜನ ತಮ್ಮ ಎದೆಯ ಬಗ್ಗೆ ಹಿಂದೆಂದೂ ಇಲ್ಲದಷ್ಟು ಎಚ್ಚರಗೊಂಡರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಜಯದೇವ ಸಂಸ್ಥೆಯ ನಿರ್ದೇಶಕರ ಮುಂದಾಳತ್ವದಲ್ಲಿ ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಿತು. ಆ ಎಚ್ಚರ ಬೇಕಾದದ್ದೇ. ಆದರೆ ಹೃದಯದ ರಕ್ತನಾಳಗಳನ್ನು ಕೆಡಿಸುವ ಬಿಪಿ, ಸಕ್ಕರೆ ಕಾಯಿಲೆ, ಬೀಡಿ, ಸಿಗರೇಟುಗಳೇ ಮಿದುಳಿನ ರಕ್ತನಾಳಗಳನ್ನೂ ಕೆಡಿಸುತ್ತವೆ. ಆ ಪೆಟ್ಟು ಮಿದುಳಿಗೆ ಬಿದ್ದಾಗ ಜನ ಲಕ್ವ ಹೊಡೆಯಿತು ಎನ್ನುತ್ತಾರೆ, ವೈದ್ಯರು ಸ್ಟ್ರೋಕ್ ಎನ್ನುತ್ತಾರೆ. ಎದೆನೋವು ಬಂದರೆ ನಡುರಾತ್ರಿಯಲ್ಲೇ ಗಾಡಿ ಮಾಡಿಕೊಂಡು ಹಾಸನಕ್ಕೆ ಹೊರಡುವ ಅರಸೀಕೆರೆಯ, ಬೇಲೂರಿನ, ಹಳೇಬೀಡಿನ ಮನೆಗಳಲ್ಲೂ ಕೈ ಜೋಮು ಹಿಡಿದರೆ, ಮಾತು ತೊದಲಿದರೆ ‘ಬೆಳಗಾಗಲಿ, ನೋಡೋಣ’ ಎಂದು ಕಾಯುವುದುಂಟು. ಹೀಗೆ ಕಾಯುವುದನ್ನು ಬರೀ ಅಸಡ್ಡೆ ಎನ್ನಲಾಗದು. ಅದಕ್ಕೆ ಮಿದುಳಿನ ರಚನೆಯಲ್ಲೇ ಕಾರಣವಿದೆ. ಲಕ್ವ ಹೊಡೆದವರು ಬಹಳ ಸಲ ತಮ್ಮ ಅಪಾಯವನ್ನು ತಾವೇ ಹೇಳಿಕೊಳ್ಳಲಾರರು. ಹಾಗಾಗಿ ಹೊರಡುವ ನಿರ್ಧಾರ ಪಕ್ಕದಲ್ಲಿದ್ದವರದೇ ಆಗಬೇಕು.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು ಮಾತ್ರ. ದೇಹ ಬಳಸುವ ಆಮ್ಲಜನಕದಲ್ಲಾದರೋ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಸಕ್ಕರೆಯ ದಾಸ್ತಾನಿರುತ್ತದೆ. ಮಿದುಳಿನಲ್ಲಿ ಹೇಳಿಕೊಳ್ಳುವಂಥ ದಾಸ್ತಾನಿಲ್ಲ. ಪ್ರತಿ ಕ್ಷಣದ ಆಹಾರ ಆ ಕ್ಷಣದ ರಕ್ತದಲ್ಲೇ ಬರಬೇಕು. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ರ ಕೆಳಗೆ ಬಂದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ. 10ರ ಆಸುಪಾಸಿಗೆ ಇಳಿದರೆ ನಿಮಿಷಗಳಲ್ಲೇ ಸಾಯತೊಡಗುತ್ತವೆ. ಹರಿವು ಹೀಗೆ ಕುಸಿಯಲು ಎರಡು ದಾರಿಗಳಿವೆ. ಹೆಚ್ಚಿನವರಲ್ಲಿ ಹೆಪ್ಪುಗಟ್ಟಿದ ರಕ್ತ ನಾಳವನ್ನು ಕಟ್ಟಿಹಾಕುತ್ತದೆ. ಉಳಿದವರಲ್ಲಿ ನಾಳವೇ ಒಡೆದು ಮಿದುಳಿನೊಳಗೆ ಅಥವಾ ಅದರ ಸುತ್ತ ರಕ್ತ ಸುರಿಯುತ್ತದೆ. ಮಿದುಳಿನ ಆಳದಲ್ಲಿ ದಪ್ಪ ನಾಳದಿಂದ ನೇರವಾಗಿ ಕವಲೊಡೆಯುವ ಕೂದಲೆಳೆಯಂಥ ನಾಳಗಳಿವೆ. ದಪ್ಪ ನಾಳದ ಒತ್ತಡವೆಲ್ಲ ಅವುಗಳ ಮೇಲೇ ಬೀಳುವುದರಿಂದ, ವರ್ಷಗಟ್ಟಲೆ ಏರಿದ ಬಿಪಿ ಮೊದಲು ಕೆಡಿಸುವುದು ಅವುಗಳನ್ನು. ಕೆಟ್ಟ ನಾಳ ಮುಚ್ಚಿಕೊಳ್ಳಲೂಬಹುದು, ಒಡೆಯಲೂಬಹುದು. ಅದೇ ಆಳದಲ್ಲಿ, ಕೈಕಾಲಿಗೆ ಆಜ್ಞೆ ಒಯ್ಯುವ ನರತಂತುಗಳೆಲ್ಲ ಒತ್ತೊತ್ತಾಗಿ ಸಾಗುವ ಇಕ್ಕಟ್ಟಾದ ಜಾಗವಿದೆ. ಅಲ್ಲಿ ಕಡಲೆ ಗಾತ್ರದ ಗಾಯವಾದರೂ ಅರ್ಧ ದೇಹ ಬಿದ್ದುಹೋಗಬಹುದು.

ಇಷ್ಟೇ ಆಗಿದ್ದರೆ ಆಸ್ಪತ್ರೆಗೆ ಓಡಿ ಪ್ರಯೋಜನವೇ ಇರುತ್ತಿರಲಿಲ್ಲ. ಓಡಬೇಕಾದ ಕಾರಣ 1970 ಮತ್ತು 80ರ ದಶಕಗಳ ಸಂಶೋಧನೆಯಿಂದ ತಿಳಿಯಿತು. ಕೆರೆಯ ತೂಬಿನಿಂದ ಹೊರಟ ಕಾಲುವೆಗೆ ನಡುವೆ ಅಡ್ಡ ಬಿದ್ದರೆ ಅದರ ಬುಡದ ಗದ್ದೆ ಮೊದಲು ಒಣಗುತ್ತದೆ. ಸುತ್ತಲಿನ ಗದ್ದೆಗಳ ಪೈರು ಬಾಡಿದರೂ ಪಕ್ಕದ ಕಾಲುವೆಗಳ ಜಿನುಗಿನಲ್ಲಿ ಇನ್ನಷ್ಟು ಹೊತ್ತು ಜೀವ ಹಿಡಿದಿರುತ್ತದೆ. ಮಿದುಳಿನಲ್ಲೂ ನಾಳ ಕಟ್ಟಿದ ಜಾಗದ ನಟ್ಟನಡುವಿನ ಕೋಶಗಳು ಬೇಗ ಸಾಯುತ್ತವೆ. ಸುತ್ತಲಿನ ಕೋಶಗಳು ಕೆಲಸ ನಿಲ್ಲಿಸಿದರೂ ನೆರೆಯ ನಾಳಗಳ ಅಲ್ಪ ರಕ್ತದಲ್ಲಿ ಬದುಕಿರುತ್ತವೆ. ಈ ವಲಯಕ್ಕೆ ಪೆನಂಬ್ರಾ ಎಂದು ಹೆಸರು. ಕೈ ಎತ್ತಲಾಗದ ರೋಗಿಯ ಮಿದುಳಿನಲ್ಲಿ ಆ ಕೈಯನ್ನು ಆಳುವ ಕೋಶಗಳು ಇನ್ನೂ ಸತ್ತಿಲ್ಲದಿರಬಹುದು. ಚಿಕಿತ್ಸೆಗೆ ಇರುವ ಆಸರೆಯೆಲ್ಲ ಈ ಬಾಡಿದ ವಲಯವೇ. ಅದು ಹೊತ್ತು ಕಳೆದಂತೆ ಕುಗ್ಗುತ್ತದೆ. ದೊಡ್ಡ ನಾಳ ಕಟ್ಟಿದಾಗ ಸರಾಸರಿ ನಿಮಿಷಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಮೆರಿಕದ ನರತಜ್ಞ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಹಾಗೆ ನೋಡಿದರೆ ಒಂದು ಗಂಟೆಗೆ 11 ಕೋಟಿಗೂ ಹೆಚ್ಚು. ಒಬ್ಬೊಬ್ಬರಲ್ಲಿ ಈ ವೇಗ ಹೆಚ್ಚುಕಡಿಮೆ ಇದ್ದೀತು, ಆದರೆ ಸತ್ತ ಕೋಶ ಯಾರಲ್ಲೂ ಮರಳಿ ಹುಟ್ಟುವುದಿಲ್ಲ.

ಇಷ್ಟು ದೊಡ್ಡ ನಷ್ಟ ನಡೆಯುತ್ತಿರುವಾಗ ರೋಗಿ ನರಳುವುದೇ ಇಲ್ಲವೇಕೆ? ಮೈಯ ನೋವನ್ನೆಲ್ಲ ಅರಿಯುವ ಮಿದುಳಿಗೆ ತನ್ನ ಅಂಗಾಂಶದಲ್ಲಿ ನೋವಿನ ಗ್ರಾಹಕಗಳಿಲ್ಲ. ರಕ್ತಸ್ರಾವವಾದಾಗ ತೀವ್ರ ತಲೆನೋವು, ವಾಂತಿ ಬರಬಹುದು. ನಾಳ ಕಟ್ಟಿದ ಲಕ್ವ ಬಹುಪಾಲು ನೋವಿಲ್ಲದೆ ಬರುತ್ತದೆ. ಜೊತೆಗೆ, ಪೆಟ್ಟು ಎಡ ಮಿದುಳಿಗೆ ಬಿದ್ದರೆ ಹೆಚ್ಚಿನವರಲ್ಲಿ ಮಾತೇ ಹೋಗಬಹುದು. 1861ರಲ್ಲಿ ಪ್ಯಾರಿಸ್‌ನ ಪೌಲ್ ಬ್ರೋಕಾ ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಮಿದುಳನ್ನು ಆತ ಸತ್ತ ಬಳಿಕ ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಗಾಯ ಕಂಡಂದಿನಿಂದ ಇದು ತಿಳಿದ ವಿಷಯ. ಬಲ ಮಿದುಳಿಗೆ ಬಿದ್ದರೆ ಮಾತು ಉಳಿಯಬಹುದು, ಆದರೆ ತನ್ನ ಎಡಗೈ ಬಿದ್ದುಹೋಗಿದೆ ಎಂಬ ಅರಿವೇ ಕೆಲವರಲ್ಲಿ ಅಳಿಸಿಹೋಗುತ್ತದೆ. ‘ನನಗೇನೂ ಆಗಿಲ್ಲ, ಸುಮ್ಮನೆ ಗಾಬರಿಯಾಗಬೇಡಿ’ ಎಂದು ಅವರು ಹೇಳುವಾಗ ಸುಳ್ಳಾಡುತ್ತಿರುವುದಿಲ್ಲ, ಹಟ ಮಾಡುತ್ತಿರುವುದೂ ಇಲ್ಲ. ಕೇಡನ್ನು ಅರಿಯಬೇಕಾದ ಭಾಗವೇ ಕೆಟ್ಟಿರುತ್ತದೆ. ಮನೆಯ ಹಿರಿಯರ ಮಾತು ಮೀರಬಾರದೆಂಬ ಗೌರವ ನಮ್ಮ ಮನೆಗಳಲ್ಲಿ ಒಳ್ಳೆಯ ಗುಣವೇ. ಲಕ್ವದ ಹೊತ್ತಿನಲ್ಲಿ ಮಾತ್ರ ಮಾತಿಗಿಂತ ಮುಖವನ್ನು, ಕೈಯನ್ನು ನೋಡಿ ನಿರ್ಧರಿಸಬೇಕು.

ನೋಡಬೇಕಾದ್ದು ಹೆಚ್ಚೇನೂ ಇಲ್ಲ. ಮಿದುಳಿನ ನಡು ಧಮನಿ ಹೆಚ್ಚು ಸಲ ಕಟ್ಟಿಕೊಳ್ಳುವ ದೊಡ್ಡ ನಾಳ. ಮುಖ, ಕೈ, ಮಾತು ಈ ಮೂರನ್ನೂ ಆಳುವ ಪ್ರದೇಶಗಳಿಗೆ ರಕ್ತ ಹೋಗುವುದು ಅದರ ಮೂಲಕವೇ. ಆದ್ದರಿಂದಲೇ ಲೋಕದೆಲ್ಲೆಡೆ ಈ ಮೂರನ್ನೇ ಪರೀಕ್ಷಿಸಲು ಹೇಳಿಕೊಡುತ್ತಾರೆ. ಹಲ್ಲು ತೋರಿಸಿ ನಗಲು ಹೇಳಿದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆಯೇ? ಎರಡೂ ಕೈ ಮುಂದೆ ಚಾಚಿ ಹಿಡಿಯಲು ಹೇಳಿದರೆ ಒಂದು ಜಾರುತ್ತದೆಯೇ? ಒಂದು ಪೂರ್ತಿ ವಾಕ್ಯ ಹೇಳಿಸಿದರೆ ತೊದಲುತ್ತದೆಯೇ, ತಪ್ಪು ಪದ ಬರುತ್ತದೆಯೇ? ಹಿಂಭಾಗದ ನಾಳಗಳು ಕಟ್ಟಿದರೆ ಈ ಮೂರೂ ಸರಿಯಿದ್ದು ದಿಢೀರನೆ ಆಯ ತಪ್ಪುವುದು, ಒಂದು ಕಡೆಯ ನೋಟ ಮಾಯವಾಗುವುದು, ಒಂದು ಎರಡಾಗಿ ಕಾಣುವುದು ಉಂಟು. ಎಲ್ಲದರಲ್ಲೂ ಗಮನಿಸಬೇಕಾದ್ದು ‘ದಿಢೀರನೆ’ ಎಂಬುದನ್ನು. ಇಂಥ ಒಂದೇ ಒಂದು ಲಕ್ಷಣ ಕಂಡರೂ ಹೊರಡಬೇಕು, ಮಿಕ್ಕವು ಕಾಣಿಸಲಿ ಎಂದು ಕಾಯಬಾರದು.

‘ಇದೆಲ್ಲ ಬೆಂಗಳೂರಿನವರಿಗೆ ಸರಿ, ನಾವು ಹೋಗುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ’ ಎಂಬುದು ಮೊದಲ ಆಕ್ಷೇಪ. ಲೆಕ್ಕ ಹಾಕಿ ನೋಡೋಣ. ಹಾಸನಕ್ಕೆ ಅರಸೀಕೆರೆಯಿಂದ ಸುಮಾರು 45, ಬೇಲೂರಿನಿಂದ 40, ಹಳೇಬೀಡಿನಿಂದ 30 ಕಿಲೋಮೀಟರ್. ಪಟ್ಟಣಗಳಿಂದ ಒಂದು ಗಂಟೆ, ಒಳಗಿನ ಹಳ್ಳಿಗಳಿಂದ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ಷಣ ಶುರುವಾಗಿ 3 ಗಂಟೆಯೊಳಗೆ ಉಪಯುಕ್ತವೆಂದು 1995ರಲ್ಲಿ ಅಮೆರಿಕದಲ್ಲಿ ರುಜುವಾಯಿತು. 2008ರಲ್ಲಿ ಯುರೋಪಿನ ಪ್ರಯೋಗ ಆ ಗಡುವನ್ನು ನಾಲ್ಕೂವರೆ ಗಂಟೆಗೆ ಚಾಚಿತು. ಅಂದರೆ ದಾರಿಯ ಹೊತ್ತು ಗಡುವಿನ ಮೂರನೇ ಒಂದು ಭಾಗವನ್ನೂ ಮೀರುವುದಿಲ್ಲ. ಗಡುವು ಹೆಚ್ಚಾಗಿ ಮುಗಿಯುವುದು ಮನೆಯ ಜಗುಲಿಯಲ್ಲಿ, ಸ್ಕ್ಯಾನ್ ಇಲ್ಲದ ಒಂದೆರಡು ಕಡೆ ಸುತ್ತಾಡುವುದರಲ್ಲಿ. ನಾಲ್ಕೂವರೆ ಗಂಟೆಯಿದೆ ಎಂದು ನಿಧಾನಿಸುವಂತೆಯೂ ಇಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮೊದಲ ಒಂದೂವರೆ ಗಂಟೆಯೊಳಗೆ ಔಷಧ ಪಡೆದ ನಾಲ್ಕೈದು ಜನರಲ್ಲಿ ಒಬ್ಬರು ಅದರಿಂದಾಗಿಯೇ ಬಹುತೇಕ ಪೂರ್ತಿ ಚೇತರಿಸಿಕೊಂಡರು. 3 ಗಂಟೆ ಸಮೀಪಿಸಿದಾಗ ಅದು 9 ಜನರಲ್ಲಿ ಒಬ್ಬರು, ನಾಲ್ಕೂವರೆ ಗಂಟೆಯ ಹೊತ್ತಿಗೆ 14 ಜನರಲ್ಲಿ ಒಬ್ಬರು. ಮುಂಚೆ ಬಂದಷ್ಟೂ ಅದೇ ಔಷಧಕ್ಕೆ ಹೆಚ್ಚು ಬಲ.

ಎರಡನೆಯ ಆಕ್ಷೇಪ ಅನುಭವದ ಹೆಸರಿನಲ್ಲಿ ಬರುತ್ತದೆ. ನಾಟಿ ಔಷಧದಿಂದ, ಎಣ್ಣೆ ತಿಕ್ಕಿದ್ದರಿಂದ, ಪಾರಿವಾಳದ ರಕ್ತ ಹಚ್ಚಿದ್ದರಿಂದ ವಾಸಿಯಾದವರನ್ನು ಕಣ್ಣಾರೆ ಕಂಡಿದ್ದೇವೆ ಎನ್ನುತ್ತಾರೆ. ವಾಸಿಯಾದದ್ದು ನಿಜವಿರಬಹುದು, ಕಾರಣ ಮಾತ್ರ ಬೇರೆ. ಬಾಯಿ ಸೊಟ್ಟಗಾಗುವ ಎಲ್ಲವೂ ಮಿದುಳಿನ ಲಕ್ವವಲ್ಲ. ಮುಖದ ನರವೊಂದು ಊದಿಕೊಂಡು ಬರುವ ಬೆಲ್ಸ್ ಪಾಲ್ಸಿಯಲ್ಲಿ ಹತ್ತರಲ್ಲಿ ಏಳು ಜನ ಔಷಧವಿಲ್ಲದೆಯೂ ವಾರಗಳಲ್ಲಿ, ತಿಂಗಳುಗಳಲ್ಲಿ ಸರಿಹೋಗುತ್ತಾರೆ. ಅಲ್ಲಿ ಹಣೆಯ ಅರ್ಧವೂ ಸುಕ್ಕಾಗುವುದಿಲ್ಲ. ಮಿದುಳಿನ ಲಕ್ವದಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕಾಗುತ್ತದೆ, ಏಕೆಂದರೆ ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಗಳಿಂದ ಆಜ್ಞೆ ಬರುತ್ತದೆ. ಈ ವ್ಯತ್ಯಾಸವನ್ನು ವೈದ್ಯರು ನೋಡಲಿ, ಮನೆಯವರು ಅದನ್ನು ನಂಬಿ ಕೂರಬಾರದು. ಇನ್ನು ನಿಜವಾದ ಲಕ್ವದಲ್ಲೂ ಊತ ಇಳಿದಂತೆ, ಉಳಿದ ಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡಂತೆ ಮೊದಲ ವಾರಗಳಲ್ಲಿ ಒಂದಷ್ಟು ಚಲನೆ ತಾನಾಗಿಯೇ ಮರಳುತ್ತದೆ. ಆ ದಿನಗಳಲ್ಲಿ ಏನು ಹಚ್ಚಿದರೂ ಹೆಸರು ಅದಕ್ಕೇ ಬರುತ್ತದೆ. ಎಣ್ಣೆ ತಿಕ್ಕುವುದರಿಂದ ಮೈಗೆ ಹಿತವಾಗಬಹುದು. ನಾಳದೊಳಗಿನ ಹೆಪ್ಪನ್ನು ಅದು ಮುಟ್ಟುವುದಿಲ್ಲ, ಮತ್ತು ಅದಕ್ಕೆ ಕೊಟ್ಟ ಮೊದಲ ಗಂಟೆಗಳು ಮರಳಿ ಬರುವುದಿಲ್ಲ.

ಹಾಗಾದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮನೆಯಲ್ಲೇ ಕೊಟ್ಟರಾಗದೇ, ತಾಲ್ಲೂಕು ಆಸ್ಪತ್ರೆಯಲ್ಲೇ ಇಂಜೆಕ್ಷನ್ ಕೊಟ್ಟರಾಗದೇ ಎಂದು ಕೇಳುವುದು ನ್ಯಾಯವೇ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಗಳು ಇಸಿಜಿ ತೆಗೆದು, ದೂರದ ತಜ್ಞರ ಸಲಹೆಯಂತೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುತ್ತವೆ. ಮಿದುಳಿನ ತೊಡಕೇ ಬೇರೆ. ನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದು ಹೊರಗಿನಿಂದ ಖಚಿತವಾಗದು. ಒಡೆದ ನಾಳದವರಿಗೆ ಹೆಪ್ಪು ಕರಗಿಸುವ ಔಷಧ ಕೊಟ್ಟರೆ ಜೀವಕ್ಕೇ ಅಪಾಯ. ಅದನ್ನು ಬೇರ್ಪಡಿಸಲು ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ಹಾಗಾಗಿ ಆಸ್ಪಿರಿನ್ ಕೂಡ ಸ್ಕ್ಯಾನ್‌ಗೆ ಮುಂಚೆ ಬೇಡ. ಬಿಪಿ ಏರಿದೆಯೆಂದು ಮನೆಯಲ್ಲೇ ಹೆಚ್ಚುವರಿ ಮಾತ್ರೆ ಕೊಡುವುದೂ ಬೇಡ, ಬಾಡಿದ ವಲಯಕ್ಕೆ ತಲುಪುತ್ತಿರುವ ಅಲ್ಪ ರಕ್ತವೂ ಅದರಿಂದ ನಿಲ್ಲಬಹುದು. ನುಂಗುವ ಶಕ್ತಿ ಕೆಟ್ಟಿರಬಹುದಾದ್ದರಿಂದ ನೀರು, ಕಾಫಿ, ಗಂಜಿ ಬಾಯಿಗೆ ಹಾಕಿದರೆ ಶ್ವಾಸಕೋಶಕ್ಕೆ ಇಳಿದೀತು. ಔಷಧದಿಂದಲೇ ರಕ್ತಸ್ರಾವವಾಗುವುದಿಲ್ಲವೇ ಎಂದರೆ, ಆಗುತ್ತದೆ. 1995ರ ಪ್ರಯೋಗದಲ್ಲಿ ಔಷಧ ಪಡೆದ ನೂರರಲ್ಲಿ ಸುಮಾರು 6 ಜನರಿಗೆ ತೊಂದರೆ ಕೊಡುವಂಥ ರಕ್ತಸ್ರಾವವಾಯಿತು. ಆದರೂ ಮೂರು ತಿಂಗಳ ಬಳಿಕ, ಅಂಗವೈಕಲ್ಯವಿಲ್ಲದೆ ಅಥವಾ ತೀರ ಕಡಿಮೆ ವೈಕಲ್ಯದೊಂದಿಗೆ ಉಳಿಯುವ ಸಾಧ್ಯತೆ ಔಷಧ ಪಡೆದವರಲ್ಲೇ ಶೇ. 30ರಷ್ಟಾದರೂ ಹೆಚ್ಚಿತ್ತು. ಅಪಾಯ ಮತ್ತು ಲಾಭ ಎರಡನ್ನೂ ತೂಗಿಯೇ ವೈದ್ಯರು ನಿರ್ಧರಿಸುತ್ತಾರೆ. ತಡವಾದಷ್ಟೂ ತಕ್ಕಡಿಯಲ್ಲಿ ಲಾಭದ ತಟ್ಟೆ ಹಗುರಾಗುತ್ತದೆ.

‘ಹತ್ತು ನಿಮಿಷದಲ್ಲಿ ಕೈ ಸರಿಹೋಯಿತು, ಇನ್ನೇಕೆ ಆಸ್ಪತ್ರೆ’ ಎಂಬ ಸಮಾಧಾನ ಎಲ್ಲಕ್ಕಿಂತ ಅಪಾಯದ್ದು. ಹೆಪ್ಪು ತಾನಾಗಿಯೇ ಕರಗಿ ಲಕ್ಷಣ ಮಾಯವಾದರೂ ಅದು ಹುಟ್ಟಿದ ಜಾಗ ಹಾಗೆಯೇ ಇರುತ್ತದೆ. ಅಮೆರಿಕದಲ್ಲಿ ಇಂಥ ರೋಗಿಗಳ ಬಗ್ಗೆ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 10 ಜನರಿಗೆ ಮೂರು ತಿಂಗಳೊಳಗೆ ಪೂರ್ತಿ ಲಕ್ವ ಬಂತು, ಅದರಲ್ಲಿ ಅರ್ಧದಷ್ಟು ಮೊದಲ ಎರಡೇ ದಿನಗಳಲ್ಲಿ. ಲಕ್ವವನ್ನು ಬರುವ ಮುನ್ನವೇ ತಡೆಯಲು ಇದಕ್ಕಿಂತ ಸ್ಪಷ್ಟವಾದ ಅವಕಾಶ ಸಿಗದು. ಇಂಥ ಸೂಚನೆಯೇ ಕಾಣದವರಿಗೂ ತಡೆಯುವ ದಾರಿ ಇದೆ. ಭಾರತವೂ ಸೇರಿ 32 ದೇಶಗಳಲ್ಲಿ ನಡೆದ ಇಂಟರ್‌ಸ್ಟ್ರೋಕ್ ಅಧ್ಯಯನದ ಪ್ರಕಾರ ಲಕ್ವದ ಅಪಾಯದಲ್ಲಿ ಶೇ. 90ರಷ್ಟು ಬದಲಾಯಿಸಬಹುದಾದ ಹತ್ತು ಕಾರಣಗಳಿಗೆ ಸೇರಿದ್ದು, ಅವುಗಳಲ್ಲಿ ಮೊದಲನೆಯದು ಬಿಪಿ. ಇದು ಹಣೆಬರಹ ಎನ್ನುವ ಮಾತಿಗೆ ಈ ಅಂಕಿಯೇ ಉತ್ತರ. ತಲೆಸುತ್ತು ಬಂದ ದಿನ ಮಾತ್ರ ಬಿಪಿ ಮಾತ್ರೆ ನುಂಗುವ ಅಭ್ಯಾಸ ಬಿಟ್ಟು ದಿನವೂ ತೆಗೆದುಕೊಳ್ಳುವುದು ಯಾವ ಸ್ಕ್ಯಾನಿಗಿಂತಲೂ ಹೆಚ್ಚು ಜನರನ್ನು ಉಳಿಸುತ್ತದೆ.

ಹೀಗೆಂದು ಹೊಣೆಯೆಲ್ಲ ಮನೆಯವರದೇ ಎಂದು ಕೈ ತೊಳೆದುಕೊಳ್ಳಲಾಗದು. ಮನೆಯವರು ತಕ್ಷಣ ಹೊರಟರೂ ತಲುಪಿದಲ್ಲಿ ಸ್ಕ್ಯಾನ್, ಅದನ್ನು ಓದುವವರು, ಇಂಜೆಕ್ಷನ್ ಮೂರೂ ಹಗಲಿರುಳು ಸಿದ್ಧವಿರಬೇಕು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮಿದುಳಿನ ಆರೋಗ್ಯದ ಕಾರ್ಯಕ್ರಮ ಆರಂಭಿಸಿದೆ. ಹೃದಯಕ್ಕೆ ಮಾಡಿದಂತೆ ಮಿದುಳಿಗೂ ತಾಲ್ಲೂಕಿನ ಸ್ಕ್ಯಾನ್ ಚಿತ್ರವನ್ನು ದೂರದ ತಜ್ಞರು ನೋಡಿ ಸಲಹೆ ಕೊಡುವ ಜಾಲ ಎಲ್ಲೆಡೆ ಬಲವಾಗಬೇಕು. ಅರಸೀಕೆರೆ, ಬೇಲೂರುಗಳ ಜನ ಅದನ್ನು ತಮ್ಮ ಹಕ್ಕಾಗಿ ಕೇಳಬೇಕು. ಆ ಜಾಲ ಎಷ್ಟೇ ಗಟ್ಟಿಯಾದರೂ ಅದು ಚಾಲೂ ಆಗುವುದು ಮನೆಯಿಂದ ಹೋಗುವ ಒಂದು ಕರೆಯಿಂದ. ಬಾಯಿ, ಕೈ, ಮಾತು ಯಾವುದರಲ್ಲಾದರೂ ದಿಢೀರ್ ವ್ಯತ್ಯಾಸ ಕಂಡರೆ 108ಕ್ಕೆ ಕರೆ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ, ಹೊರಡುತ್ತಲೇ ಅಲ್ಲಿಗೆ ಫೋನ್ ಮಾಡಿ ತಿಳಿಸಿ. ರೋಗಿ ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಚೀಟಿಯಲ್ಲಿ ಬರೆದು, ನುಂಗುತ್ತಿದ್ದ ಮಾತ್ರೆಗಳ ಜೊತೆ ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಆ ಗಂಟೆಯನ್ನೇ, ಮತ್ತು ಅದನ್ನು ಹೇಳಬಲ್ಲವರು ಪಕ್ಕದಲ್ಲಿದ್ದವರು ಮಾತ್ರ.