ಎಳೆಯ ಮಕ್ಕಳ ವಾಂತಿ: ಜೇಜುರಿಯ ದಾರಿಯಲ್ಲಿ ನಾವು ಕಲಿತದ್ದು

ಪುಣೆಯಲ್ಲಿ ನೆಲೆನಿಂತ ಕನ್ನಡಿಗರಿಗೆ ಜೇಜುರಿ ಪರಸ್ಥಳವಲ್ಲ. ಅಲ್ಲಿಯ ಖಂಡೋಬನೇ ನಮ್ಮ ಮೈಲಾರಲಿಂಗ. ಕಳೆದ ಬೇಸಿಗೆಯಲ್ಲಿ ಕುಟುಂಬಸಮೇತ ಹೊರಟಿದ್ದಾಗ ದಿವೆ ಘಾಟಿನಲ್ಲಿ ನಮ್ಮ 14 ತಿಂಗಳ ಮೊಮ್ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಘಾಟಿನ ತಿರುವುಗಳೇ ಕಾರಣವೆಂದು ಹಿರಿಯರಾದ ನಾವು ತೀರ್ಪಿತ್ತು ಮುಂದೆ ಸಾಗಿದೆವು. ಪ್ರತಿ ವಾಂತಿಯ ನಂತರ ಲೋಟ ತುಂಬ ನೀರು ಕುಡಿಸಿದೆವು; ಅದೂ ಹೊರಬಂತು. ಬೆಟ್ಟದ ಬುಡ ತಲುಪುವಷ್ಟರಲ್ಲಿ ಭೇದಿಯೂ ಆರಂಭವಾಗಿ ಮಗು ಹೆಗಲ ಮೇಲೆ ಬಾಡಿ ಮಲಗಿತು. ಮೆಟ್ಟಿಲು ಹತ್ತದೆ, ಭಂಡಾರ ಎರಚದೆ, ಸಾಸವಡದ ವೈದ್ಯರಲ್ಲಿಗೆ ಮರಳಿದೆವು.

ನಮ್ಮ ಊಹೆ ತಪ್ಪಾಗಿತ್ತು. ಪ್ರಯಾಣದ ವಾಂತಿ ಎರಡು ವರ್ಷದೊಳಗಿನ ಮಕ್ಕಳಲ್ಲಿ ಅಪರೂಪ. ಅದು ಹೆಚ್ಚಾಗಿ ಕಾಡುವುದು 2ರಿಂದ 12 ವರ್ಷದವರನ್ನು. ಮೊಮ್ಮಗಳಿಗೆ ಆಗಿದ್ದುದು ಕರುಳಿನ ಸೋಂಕು. ಇದಕ್ಕೆ ಬಹುಮಟ್ಟಿಗೆ ವೈರಾಣುಗಳೇ ಕಾರಣ. ಅವುಗಳಲ್ಲಿ ಮುಖ್ಯವಾದ ರೋಟಾವೈರಸ್ ವಿರುದ್ಧದ ಲಸಿಕೆಯನ್ನು 2016ರಿಂದ ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಹಂತಹಂತವಾಗಿ ಸೇರಿಸಲಾಯಿತು; 6, 10 ಮತ್ತು 14ನೆಯ ವಾರಗಳಲ್ಲಿ ಅದನ್ನು ಹಾಕಿಸಬೇಕು.

ಹಸುಗೂಸುಗಳು ಹಾಲು ಕುಡಿದೊಡನೆ ಸ್ವಲ್ಪ ಕಕ್ಕುವುದು ವಾಂತಿಯಲ್ಲ. ಅನ್ನನಾಳದ ಕೆಳತುದಿಯ ಬಿಗಿ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಹಾಲು ಮೇಲೆ ಬರುತ್ತದೆ. ತೂಕ ಏರುತ್ತಿದ್ದು ಮಗು ನಗುತ್ತಿದ್ದರೆ ಚಿಂತೆ ಬೇಡ. ವರ್ಷ ತುಂಬುವಷ್ಟರಲ್ಲಿ ಬಹುತೇಕ ಮಕ್ಕಳಲ್ಲಿ ಇದು ತಾನೇ ನಿಲ್ಲುತ್ತದೆ. ಜೋರಾದ ಕೆಮ್ಮು, ಕಿವಿಯ ಅಥವಾ ಮೂತ್ರದ ಸೋಂಕು ಸಹ ವಾಂತಿ ತರಬಲ್ಲವು. ದೃಷ್ಟಿ ತೆಗೆಯುವುದಕ್ಕೆ ನಮ್ಮ ಆಕ್ಷೇಪವಿಲ್ಲ, ಅದಕ್ಕಾಗಿ ವೈದ್ಯರನ್ನು ಕಾಣುವುದು ತಡವಾಗದಿದ್ದರೆ ಸಾಕು.

ವಾಂತಿಗಿಂತ ಅದರಿಂದ ದೇಹದ ನೀರು, ಲವಣಗಳು ಬರಿದಾಗುವುದೇ ದೊಡ್ಡ ಅಪಾಯ. ಆದ್ದರಿಂದ ಓ.ಆರ್.ಎಸ್. ಬೇಕು. 1971ರಲ್ಲಿ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಇದರಿಂದಲೇ ಕಾಲರಾದ ಸಾವುಗಳನ್ನು ಬಹಳವಾಗಿ ತಗ್ಗಿಸಿದರು. ವಾಂತಿಯಾದ ಮೇಲೆ 10 ನಿಮಿಷ ಕಾದು, ನಂತರ ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕುಡಿಸಬೇಕು. ನಾವು ಎಡವಿದ್ದು ಇಲ್ಲಿಯೇ: ಕೆರಳಿದ ಹೊಟ್ಟೆ ಲೋಟದಷ್ಟನ್ನು ತಡೆಯದು, ಚಮಚದಷ್ಟನ್ನು ತಡೆಯುತ್ತದೆ. ದೊಡ್ಡ ಪೊಟ್ಟಣವಾದರೆ ಸರಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಪೂರ್ತಿ ಹಾಕಬೇಕು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಒಮ್ಮೆ ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಬೇಕು. ಡಬ್ಬಿಯ ಹಣ್ಣಿನ ರಸ, ಸಕ್ಕರೆಯ ಪಾನೀಯಗಳು ಇದಕ್ಕೆ ಬದಲಿಯಲ್ಲ, ಭೇದಿಯನ್ನು ಹೆಚ್ಚಿಸಬಲ್ಲವು. ಎದೆಹಾಲನ್ನು ಎಂದಿಗೂ ನಿಲ್ಲಿಸಬಾರದು. ಮನೆಯಲ್ಲಿ ಉಳಿದ ವಾಂತಿ ನಿಲ್ಲಿಸುವ ಔಷಧವನ್ನು ವೈದ್ಯರನ್ನು ಕೇಳದೆ ಕೊಡಬಾರದು.

ಕೆಲವು ಲಕ್ಷಣಗಳು ಕಂಡರೆ ಚಮಚ ಹಿಡಿದು ಕೂರದೆ ಆಸ್ಪತ್ರೆಗೆ ಧಾವಿಸಬೇಕು. ಹಸಿರು ಬಣ್ಣದ ವಾಂತಿ ಕರುಳು ಕಟ್ಟಿರುವುದರ ಸೂಚನೆಯಾಗಿರಬಹುದು. ಕೆಲವೇ ವಾರಗಳ ಕೂಸು ಪ್ರತಿ ಸಲ ಹಾಲು ಕುಡಿದಾಗಲೂ ದೂರಕ್ಕೆ ಚಿಮ್ಮುವಂತೆ ಕಾರಿದರೆ ಜಠರದ ಕೆಳಬಾಗಿಲು ಕಿರಿದಾಗಿರಬಹುದು. ಬಿಟ್ಟುಬಿಟ್ಟು ಕಾಲು ಮಡಚಿ ಚೀರುವುದು, ವಾಂತಿ ಅಥವಾ ಮಲದಲ್ಲಿ ರಕ್ತ, ತಲೆಗೆ ಪೆಟ್ಟು ಬಿದ್ದ ನಂತರದ ವಾಂತಿ, ಮೂರು ತಿಂಗಳೊಳಗಿನ ಶಿಶುವಿಗೆ ಜ್ವರ, ಇವೂ ಅಷ್ಟೇ ತುರ್ತು. ಆರೆಂಟು ಗಂಟೆ ಮೂತ್ರವಿಲ್ಲದಿರುವುದು, ಕಣ್ಣೀರಿಲ್ಲದ ಅಳು, ಗುಳಿಬಿದ್ದ ನೆತ್ತಿ, ಎಬ್ಬಿಸಿದರೂ ಏಳದ ಮಂಪರು ನೀರಿನ ಕೊರತೆಯ ಗುರುತುಗಳು.

ಮೊಮ್ಮಗಳು ಮೂರನೆಯ ದಿನ ಗಂಜಿ ಕೇಳಿದಳು. ಹರಕೆ ಇನ್ನೂ ಬಾಕಿಯಿದೆ. ಈ ಸಲದ ಚಂಪಾಷಷ್ಠಿಗೆ ಹೋಗಬೇಕೆಂದಿದ್ದೇವೆ. ಚೀಲದಲ್ಲಿ ಎರಡು ಓ.ಆರ್.ಎಸ್. ಪೊಟ್ಟಣ, ಕುದಿಸಿ ಆರಿಸಿದ ನೀರು ಮತ್ತು ಒಂದು ಚಮಚ ಈಗಾಗಲೇ ಸೇರಿವೆ.