ಸಾಮ್ಯಗಳು ಮತ್ತು ನಮ್ಮ ನಿತ್ಯಜೀವನ

ಸುವಾರ್ತೆಗಳನ್ನು ಮೊದಲ ಸಲ ಓದುವವರಿಗೆ ಒಂದು ಸಂಗತಿ ಆಶ್ಚರ್ಯವನ್ನುಂಟುಮಾಡೀತು. ದೇವರ ರಾಜ್ಯವನ್ನು ಕುರಿತು ಮಾತನಾಡಬೇಕಾದಾಗ ಯೇಸು ಶಾಸ್ತ್ರದ ಪರಿಭಾಷೆಗೆ ಕೈಹಾಕುವುದು ಅಪರೂಪ. ಬೀಜ ಬಿತ್ತುವವನು, ಹಿಟ್ಟು ಕಲಸುವ ಹೆಂಗಸು, ಕಳೆದ ನಾಣ್ಯಕ್ಕಾಗಿ ಮನೆ ಗುಡಿಸುವವಳು, ಬಲೆ ಬೀಸುವ ಬೆಸ್ತರು, ಕೂಲಿಗಾಗಿ ಸಂತೆಬೀದಿಯಲ್ಲಿ ಕಾದು ನಿಂತವರು — ಇವರೇ ಆತನ ಮಾತಿನಲ್ಲಿ ಬರುವ ಜನ. ಕನ್ನಡ ಬೈಬಲ್ಲಿನಲ್ಲಿ ಇಂಥ ಕಥೆಗಳಿಗೆ ‘ಸಾಮ್ಯ’ ಎಂಬ ಹೆಸರಿದೆ. ಕಥೋಲಿಕರು ‘ಸಾಮತಿ’ ಎನ್ನುವುದೂ ಉಂಟು. ಗ್ರೀಕ್ ಮೂಲದ ಪದಕ್ಕೆ ‘ಪಕ್ಕದಲ್ಲಿಟ್ಟದ್ದು’ ಎಂದು ಅರ್ಥ. ಅದರ ಹಿಂದಿರುವ ಹೀಬ್ರೂ ಪದವಾದರೋ ಗಾದೆ, ಒಗಟು, ದೃಷ್ಟಾಂತ ಎಲ್ಲವನ್ನೂ ಒಳಗೊಳ್ಳುತ್ತದೆ. ಒಂದು ವಸ್ತುವಿನ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡುವುದು, ನೋಡುತ್ತ ಒಗಟನ್ನು ಬಿಡಿಸುವುದು: ಸಾಮ್ಯದ ಕೆಲಸ ಇಷ್ಟೇ. ಆದರೆ ಈ ಕೆಲಸ ಕಾಣುವಷ್ಟು ಸುಲಭವಲ್ಲ. ಭಾನುವಾರದ ಶಾಲೆಯಲ್ಲಿ ಹಲವು ವರ್ಷ ಮಕ್ಕಳಿಗೆ ಈ ಕಥೆಗಳನ್ನು ಹೇಳುತ್ತ ಬಂದವನಾಗಿ ಅದರ ಕೆಲವು ಸೂಕ್ಷ್ಮಗಳನ್ನು ಇಲ್ಲಿ ನಿಮ್ಮ ಮುಂದೆ ಇಡಬಯಸುತ್ತೇನೆ.

ಬಿತ್ತುವವನ ಸಾಮ್ಯವನ್ನೇ ತೆಗೆದುಕೊಳ್ಳೋಣ. ಬೀಜದಲ್ಲಿ ಕೆಲವು ದಾರಿಯ ಮಗ್ಗುಲಲ್ಲಿ ಬಿದ್ದವು, ಕೆಲವು ಕಲ್ಲುನೆಲದಲ್ಲಿ, ಕೆಲವು ಮುಳ್ಳುಗಿಡಗಳ ನಡುವೆ, ಉಳಿದವು ಒಳ್ಳೆಯ ನೆಲದಲ್ಲಿ. ಈ ಕಥೆಯನ್ನು ಕೇಳಿದ ಒಬ್ಬ ಹುಡುಗ, ಬಯಲುಸೀಮೆಯ ಒಕ್ಕಲಿನ ಮನೆಯವನು, “ಆ ರೈತನ ಹತ್ತಿರ ಕೂರಿಗೆ ಇರಲಿಲ್ಲವೆ?” ಎಂದು ಕೇಳಿದ. ಎಷ್ಟು ನ್ಯಾಯವಾದ ಪ್ರಶ್ನೆ! ಕೂರಿಗೆಯಲ್ಲಿ ಬಿತ್ತುವವನ ಬೀಜ ಸಾಲು ಹಿಡಿದು ಮಣ್ಣಿನೊಳಗೆ ಇಳಿಯುತ್ತದೆ. ದಾರಿಗೆ ಬೀಳುವ ಮಾತೇ ಇಲ್ಲ. ಪ್ಯಾಲೆಸ್ಟೈನಿನ ರೈತನಾದರೋ ಬೀಜವನ್ನು ಕೈಯಿಂದ ಎರಚಿ ಬಿತ್ತುತ್ತಿದ್ದ. ಅವನ ಹೊಲವೋ ಗುಡ್ಡದ ಇಳಿಜಾರಿನಲ್ಲಿ, ತೆಳುಮಣ್ಣಿನ ಕೆಳಗೆ ಸುಣ್ಣಕಲ್ಲು ಹಾಸಿದ ನೆಲದಲ್ಲಿ ಇರುತ್ತಿದ್ದುದುಂಟು. ಇದು ತಿಳಿಯದೆ ಹೋದರೆ ಆ ರೈತ ನಮಗೆ ಅಜಾಗರೂಕನಾಗಿ ಕಾಣುತ್ತಾನೆ. ತಿಳಿದಾಗ ಅವನು ಧಾರಾಳಿಯಾಗಿ ಕಾಣುತ್ತಾನೆ. ನೆಲದ ಯೋಗ್ಯತೆಯನ್ನು ಮೊದಲೇ ಅಳೆಯದೆ ಎಲ್ಲ ಕಡೆಗೂ ಬೀಜವನ್ನು ಚೆಲ್ಲುವವನು ಅವನು. ದೇವರ ಮಾತು ಆಯ್ದ ಜನರಿಗೆ ಮಾತ್ರ ಬರುವುದಿಲ್ಲ ಎಂಬ ಅರ್ಥ ಆ ಹುಡುಗನ ಕೂರಿಗೆಯ ಪ್ರಶ್ನೆಯಿಂದಲೇ ನನಗೆ ಹೆಚ್ಚು ಸ್ಪಷ್ಟವಾಯಿತು. ನಮ್ಮ ಊರಿನ ಅನುಭವ ಬೈಬಲ್ಲಿನ ಕಥೆಗೆ ಹೊಂದದೆ ಇರುವ ಜಾಗದಲ್ಲಿಯೇ ಹಲವು ವೇಳೆ ಪಾಠ ಅಡಗಿರುತ್ತದೆ.

ಅಡಿಗೆಮನೆಗೆ ಬಂದರೂ ಇದೇ ಮಾತು. ಹುಳಿಹಿಟ್ಟಿನ ಸಾಮ್ಯವನ್ನು ಕನ್ನಡ ಮಕ್ಕಳಿಗೆ ವಿವರಿಸುವವರು ಸಾಮಾನ್ಯವಾಗಿ ಹೆಪ್ಪಿನ ಹೋಲಿಕೆಯನ್ನು ಕೊಡುತ್ತಾರೆ. ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ. ಬೆಳಗಾಗುವಷ್ಟರಲ್ಲಿ ಪಾತ್ರೆಯ ತುಂಬ ಮೊಸರು. ಸದ್ದಿಲ್ಲದೆ, ಕಣ್ಣಿಗೆ ಕಾಣದೆ ನಡೆಯುವ ಕಾರ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಆದರೂ ಇದರಲ್ಲಿ ಒಂದು ಅಂಶ ಕಳೆದುಹೋಗುತ್ತದೆ. ಹೆಪ್ಪು ನಮಗೆ ಶುಭವಸ್ತು. ಯೆಹೂದ್ಯರಿಗೆ ಹುಳಿಹಿಟ್ಟು ಹಾಗಲ್ಲ. ಪಸ್ಕಹಬ್ಬ ಬಂದರೆ ಅದನ್ನು ಮನೆಯ ಮೂಲೆಮೂಲೆಯಿಂದ ಹುಡುಕಿ ಹೊರಗೆ ಹಾಕುತ್ತಿದ್ದರು. ಕೆಡುಕು ಹಬ್ಬುವ ಬಗೆಯನ್ನು ಹೇಳಲು ಯೇಸುವೇ ಬೇರೊಂದೆಡೆ ಇದೇ ಮಾತನ್ನು ಬಳಸಿದ್ದಾನೆ. ಅಂಥ ವಸ್ತುವನ್ನು ದೇವರ ರಾಜ್ಯಕ್ಕೆ ಹೋಲಿಸಿದಾಗ ಕೇಳಿದವರು ಬೆಚ್ಚಿರಬೇಕು. ಆ ಹೆಂಗಸು ಕಲಸಿದ ಹಿಟ್ಟೂ ಸಾಧಾರಣ ಪ್ರಮಾಣದ್ದಲ್ಲ. ಇಂದಿನ ಲೆಕ್ಕದಲ್ಲಿ 20 ಕಿಲೋಗ್ರಾಂ ಮೀರುವಷ್ಟು, ಒಂದು ಕೇರಿಗೇ ಊಟವಾಗುವಷ್ಟು. ಹೆಪ್ಪಿನ ಹೋಲಿಕೆ ಕಥೆಯನ್ನು ನಮ್ಮ ಮನೆಗೆ ಕರೆತರುತ್ತದೆ, ನಿಜ. ಆದರೆ ಬೆಚ್ಚುವಿಕೆಯನ್ನು ಹೊಸ್ತಿಲಾಚೆಗೇ ಬಿಟ್ಟು ಬರುತ್ತದೆ. ಬೋಧಕನಾದವನು ಅದನ್ನೂ ಒಳಗೆ ಕರೆಯಬೇಕು.

ಪರದೇಶದ ಕಥೆಯನ್ನು ಈ ನೆಲದ ಮಾತಿಗೆ ಒಗ್ಗಿಸುವ ಪ್ರಯತ್ನ ನಮ್ಮಲ್ಲಿ ಹೊಸತಲ್ಲ. ಗೋವೆಯಲ್ಲಿದ್ದ ಇಂಗ್ಲೆಂಡಿನ ಪಾದ್ರಿ ಥಾಮಸ್ ಸ್ಟೀಫನ್ಸ್ 1616ರಲ್ಲಿ ಮುದ್ರಣಕ್ಕೆ ತಂದ ‘ಕ್ರಿಸ್ತಪುರಾಣ’ ಮರಾಠಿಯ ಓವಿ ಛಂದಸ್ಸಿನಲ್ಲಿ ಸುಮಾರು 11,000 ಪದ್ಯಗಳ ಕಾವ್ಯ. ಕನ್ನಡ ಕರಾವಳಿಗೆ ವಲಸೆ ಬಂದ ಕೊಂಕಣಿ ಕ್ರೈಸ್ತರು ಅದನ್ನು ಜತೆಯಲ್ಲಿ ತಂದು ಹಾಡಿ ಉಳಿಸಿಕೊಂಡರು. 1907ರಲ್ಲಿ ಅದು ಮತ್ತೆ ಅಚ್ಚಾದದ್ದು ಮಂಗಳೂರಿನಲ್ಲಿ. ಅದೇ ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದರು. ಅವರಲ್ಲಿ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ, ಹರಿದಾಸರ ಪದಗಳನ್ನೂ ಜೈಮಿನಿ ಭಾರತ, ಬಸವಪುರಾಣಗಳನ್ನೂ ಅಚ್ಚುಹಾಕಿಸಿದ. ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿ ಬರೆದ. 1894ರ ಆತನ ನಿಘಂಟನ್ನು ಬಲ್ಲವರೆಲ್ಲರೂ ಈ ಚಿಕ್ಕ ಕೃತಿಯನ್ನು ಬಲ್ಲರೆಂದು ಹೇಳಲಾಗದು. ಬೋಧಿಸಲು ಬಂದವರು ಮೊದಲು ಕೇಳಿಸಿಕೊಳ್ಳಲು ಕಲಿತರು ಎಂಬುದು ಈ ಚರಿತ್ರೆಯ ಸಾರವೆಂದು ನನಗೆ ತೋರುತ್ತದೆ.

ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೋಂತಿ ಹಬ್ಬವನ್ನು ನೋಡಿದವರಿಗೆ ಈ ಒಗ್ಗುವಿಕೆಯ ಜೀವಂತ ರೂಪ ಕಾಣಸಿಗುತ್ತದೆ. ಅದು ಕನ್ಯಾ ಮರಿಯಳ ಜನ್ಮದಿನ; ಹೊಸ ತೆನೆಯ ಹಬ್ಬವೂ ಹೌದು. ಮಕ್ಕಳು ಹೂ ಅರ್ಪಿಸುತ್ತಾರೆ, ಭತ್ತದ ತೆನೆಗಳಿಗೆ ಆಶೀರ್ವಾದವಾಗುತ್ತದೆ, ಮನೆಯಲ್ಲಿ ಹೊಸ ಅಕ್ಕಿಯ ಪುಡಿಯನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಆ ದಿನದ ಊಟ ಸಸ್ಯಾಹಾರ. ದೂರದ ಊರುಗಳಲ್ಲಿರುವ ಬಂಧುಗಳಿಗೂ ತೆನೆಯನ್ನು ಕಳುಹಿಸುವ ರೂಢಿ ಇದೆ. ನೆಲಕ್ಕೆ ಬಿದ್ದು ಸಾಯದ ಕಾಳು ಒಂಟಿಯಾಗಿಯೇ ಉಳಿಯುತ್ತದೆ ಎಂದು ಯೇಸು ಗೋದಿಯನ್ನು ಕುರಿತು ಹೇಳಿದ ಮಾತಿಗೆ ಭತ್ತದ ನಾಡು ತನ್ನದೇ ಆದ ವ್ಯಾಖ್ಯಾನವನ್ನು ಬರೆದುಕೊಂಡಂತಿದೆ.

ಇನ್ನು ನಮ್ಮ ಕಥೆಗಳು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನಂತೆ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸದೆ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಕ್ರೈಸ್ತ ಓದುಗನಿಗೆ ಕೂಡಲೇ ಮರುಭೂಮಿಯ ಮನ್ನದ ಕಥೆ ನೆನಪಾಗುತ್ತದೆ; ಅಲ್ಲಿಯೂ ನಾಳೆಗೆಂದು ಕೂಡಿಟ್ಟದ್ದು ಹುಳ ಬಿದ್ದು ನಾರಿತು. ಆದರೆ ಇಲ್ಲಿ ಅವಸರ ಸಲ್ಲದು. ಮನ್ನ ಆಕಾಶದಿಂದ ಬಿದ್ದದ್ದು, ದುಡಿಯದೆ ದೊರೆತದ್ದು. ನಾಳೆಯ ಭಾರವನ್ನು ದೇವರಿಗೆ ಬಿಡು ಎಂಬುದು ಅದರ ಪಾಠ. ಲಕ್ಕಮ್ಮನ ಅಕ್ಕಿ ಕಾಯಕದ ಫಲ. ಆಸೆ ಸೇರಿದರೆ ಕಾಯಕವೇ ಕೆಡುತ್ತದೆಂಬುದು ಆಕೆಯ ನಿಲುವು. ಒಂದು ಕೃಪೆಯ ಕಥೆ, ಇನ್ನೊಂದು ಶುದ್ಧ ದುಡಿಮೆಯ ಕಥೆ. ಲಕ್ಕಮ್ಮನನ್ನು ಕ್ರೈಸ್ತಳನ್ನಾಗಿ ಮಾಡಬೇಕಾಗಿಲ್ಲ. ಆಕೆಯನ್ನು ಆಕೆಯ ಜಾಗದಲ್ಲಿಯೇ ಗೌರವಿಸಿದಾಗ, ‘ಅನುದಿನದ ಆಹಾರ’ಕ್ಕಾಗಿ ಪ್ರಾರ್ಥಿಸುವ ನನ್ನ ಉಗ್ರಾಣದಲ್ಲಿ ಎಷ್ಟು ದಿನದ ಅಕ್ಕಿ ಇದೆ ಎಂಬ ಪ್ರಶ್ನೆಯನ್ನು ಆಕೆ ನನಗೆ ಕೇಳುತ್ತಾಳೆ.

ಪುಣ್ಯಕೋಟಿಯ ಕಥೆಯನ್ನು ಕ್ರಿಸ್ತನ ತ್ಯಾಗಕ್ಕೆ ಹೋಲಿಸುವುದು ಸುಲಭ. ಕೊಟ್ಟ ಮಾತಿಗೆ ತಪ್ಪದೆ ಸಾವಿನ ಬಳಿಗೆ ತಾನಾಗಿ ನಡೆದುಬಂದ ಗೋವಿನ ಮುಂದೆ ಯಾರ ಮನಸ್ಸು ಕರಗದು? ಆದರೆ ನನ್ನನ್ನು ಹೆಚ್ಚು ಕಾಡಿದ್ದು ಹುಲಿ. ತನ್ನ ತಪ್ಪನ್ನು ಕಂಡುಕೊಂಡ ಹುಲಿ ಪ್ರಾಣ ಬಿಡುತ್ತದೆ. ಅದಕ್ಕೆ ಮುಂದಿನ ದಾರಿ ಇಲ್ಲ. ಸುವಾರ್ತೆಯಲ್ಲಿ ಪಶ್ಚಾತ್ತಾಪಪಟ್ಟವರು ಇಬ್ಬರು. ಗುರುವನ್ನು ಹಿಡಿದುಕೊಟ್ಟ ಯೂದ ಹುಲಿಯ ದಾರಿಯನ್ನೇ ಹಿಡಿದ. ಗುರುವನ್ನು ಅರಿಯೆನೆಂದು ಮೂರು ಬಾರಿ ಹೇಳಿದ ಪೇತ್ರ ಅತ್ತು, ಬದುಕಿ ಉಳಿದು, ಕುರಿಗಳನ್ನು ಕಾಯುವ ಹೊಣೆಯನ್ನು ಮತ್ತೆ ಪಡೆದ. ತಪ್ಪು ಮಾಡಿದವನು ಬದುಕಿ ಉಳಿದು ತಿದ್ದಿಕೊಳ್ಳಬಹುದೆಂಬ ಭರವಸೆ ಎಷ್ಟು ದೊಡ್ಡದೆಂಬುದು ಹುಲಿಯ ಪಕ್ಕದಲ್ಲಿ ಪೇತ್ರನನ್ನು ನಿಲ್ಲಿಸಿದಾಗ ನನಗೆ ಹೊಳೆಯಿತು. ಹೋಲಿಕೆಯಿಂದ ಕಥೆಗಳು ಹತ್ತಿರವಾಗುತ್ತವೆ. ಕಲಿಯುವುದು ಮಾತ್ರ ಬಹುಮಟ್ಟಿಗೆ ವ್ಯತ್ಯಾಸದಿಂದ.

ಕಡೆಯದಾಗಿ, ಈ ಅಭ್ಯಾಸದ ಅತ್ಯಂತ ದೊಡ್ಡ ಅಪಾಯವನ್ನು ಹೇಳಬೇಕು. ಸಾಮ್ಯ ಹುಟ್ಟಿದ್ದು ಕೇಳುವವನನ್ನೇ ಹಿಡಿಯುವುದಕ್ಕೆ. ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಧನಿಕನ ಕಥೆ ಕೇಳಿ ದಾವೀದರಾಜ ಕೋಪದಿಂದ ಉರಿದೆದ್ದಾಗ, ಆ ಧನಿಕ ನೀನೇ ಎಂದು ಪ್ರವಾದಿ ನಾತಾನ ಹೇಳಿದ. ಸಮಾರ್ಯದವನ ಕಥೆಯೂ ಅಂಥದೇ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ಹಾದಿಯಲ್ಲಿ ಗಾಯಗೊಂಡು ಬಿದ್ದವನನ್ನು ನೋಡಿಯೂ ನೋಡದಂತೆ ಹೋದವರು ಕೇಳುಗರ ಸ್ವಂತ ಯಾಜಕ, ಸ್ವಂತ ಲೇವಿಯ. ಎತ್ತಿ ಉಪಚರಿಸಿದವನು ಅವರು ಕೀಳೆಂದು ದೂರವಿಟ್ಟ ಸಮಾರ್ಯದವನು. ಪ್ರಶ್ನೆ ಕೇಳಿದ ಶಾಸ್ತ್ರಿಗೆ ಕೊನೆಯಲ್ಲಿ ಆ ಹೆಸರನ್ನು ನಾಲಿಗೆಯ ಮೇಲೆ ತರಲೂ ಆಗಲಿಲ್ಲ. ದಯೆ ತೋರಿಸಿದವನು ಎಂದಷ್ಟೇ ಹೇಳಿದ. ಇದೇ ಕಥೆಯನ್ನು ನಮ್ಮ ಊರಿಗೆ ತರುವಾಗ, ದಾಟಿ ಹೋದವರನ್ನು ಅನ್ಯಮತದ ಅರ್ಚಕರನ್ನಾಗಿಯೂ ಎತ್ತಿಕೊಂಡವನನ್ನು ಕ್ರೈಸ್ತನನ್ನಾಗಿಯೂ ಮಾಡಿ ಹೇಳುವುದುಂಟು. ಹಾಗೆ ಹೇಳಿದೊಡನೆ ಕಥೆ ತಲೆಕೆಳಗಾಯಿತು. ಸಭೆಯಲ್ಲಿ ಹೇಳುವವನು ಸಭೆಯ ಪಾದ್ರಿಯನ್ನೂ ಹಿರಿಯನನ್ನೂ ದಾಟಿ ಹೋದವರ ಜಾಗದಲ್ಲಿ ನಿಲ್ಲಿಸಬೇಕು. ಎತ್ತಿಕೊಂಡವನ ಜಾಗಕ್ಕೆ ಸಭೆ ಯಾರನ್ನು ತನ್ನ ಪಂಕ್ತಿಗೆ ಸೇರಿಸದೋ ಅವನನ್ನು ಕರೆತರಬೇಕು. ದಕ್ಷಿಣ ಭಾರತದ ಕೆಲವೆಡೆ ಕ್ರೈಸ್ತರ ಸ್ಮಶಾನದೊಳಗೂ ಜಾತಿಯ ಗೋಡೆ ಎದ್ದುದುಂಟೆಂಬುದನ್ನು ನೆನೆದರೆ, ಈ ಎಚ್ಚರ ಕೇವಲ ವ್ಯಾಖ್ಯಾನದ ಪ್ರಶ್ನೆಯಲ್ಲವೆಂಬುದು ಮನದಟ್ಟಾಗುತ್ತದೆ.

ಆದ್ದರಿಂದ ಹೊಲದಲ್ಲಿ, ಒಲೆಯ ಮುಂದೆ, ಅಜ್ಜಿಯ ಕಥೆಯಲ್ಲಿ ಧರ್ಮದ ಪಾಠವನ್ನು ಹುಡುಕುವವರಿಗೆ ನಾನು ಹೇಳಬಹುದಾದ ಮಾತು ಇಷ್ಟು: ವಸ್ತುವನ್ನು ಮೊದಲು ವಸ್ತುವಾಗಿ ಅರಿಯಿರಿ, ಪರರ ಕಥೆಯನ್ನು ಪರರದಾಗಿಯೇ ಕೇಳಿರಿ, ಸಿಕ್ಕ ಪಾಠ ನೆರೆಮನೆಯವನಿಗೆ ಮಾತ್ರ ಒಪ್ಪುವಂತಿದ್ದರೆ ಅದನ್ನು ಇನ್ನೊಮ್ಮೆ ಪರೀಕ್ಷಿಸಿರಿ.