ಕೂದಲು ಉದುರುವಿಕೆಯ ಔಷಧಗಳು: ಗ್ರಾಹಕರಿಗೆ ತಿಳಿಸಬೇಕಾದ ಸಂಗತಿಗಳು

ದಾಸವಾಳ ಸೊಪ್ಪಿನ ಗೊಂಪು, ಸೀಗೆಕಾಯಿ, ಗರಗದ ಎಣ್ಣೆಗಳನ್ನು ಬಲ್ಲ ನಮ್ಮ ಕರಾವಳಿಯಲ್ಲಿ ಈಗ ಮಿನಾಕ್ಸಿಡಿಲ್, ಫಿನಾಸ್ಟೆರೈಡ್ ಎಂಬ ಹೆಸರುಗಳೂ ಯುವಕರಿಗೆ ಪರಿಚಿತವಾಗಿವೆ. ಭಟ್ಕಳ, ಹೊನ್ನಾವರ, ಕುಮಟಾಗಳ ಗ್ರಾಹಕರು ಚರ್ಮರೋಗ ತಜ್ಞರನ್ನು ಅರಸಿ ಮಣಿಪಾಲಕ್ಕೋ ಮಂಗಳೂರಿಗೋ ಹೋಗುವ ಮುನ್ನ ಸಲಹೆ ಕೇಳುವುದು ಬಹುಮಟ್ಟಿಗೆ ಪರಿಚಯದ ಅಂಗಡಿಯಲ್ಲಿಯೇ. ಆದುದರಿಂದ ಈ ಸರಕಿನ ಗುಣದೋಷಗಳನ್ನು ವರ್ತಕ ಬಾಂಧವರು ಅರಿತಿರುವುದು ಅವಶ್ಯವಾಗಿದೆ.

ಕಾರಣವೇ ಮೊದಲು

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಡೆಂಗಿ, ಟೈಫಾಯ್ಡ್‌ನಂತಹ ಜ್ವರ ಅಥವಾ ಹೆರಿಗೆಯಾದ ಎರಡು-ಮೂರು ತಿಂಗಳ ನಂತರ ಕೂದಲು ಹೇರಳವಾಗಿ ಉದುರಬಹುದು. ಇದು ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಕಬ್ಬಿಣಾಂಶದ ಕೊರತೆ ಮತ್ತು ಥೈರಾಯ್ಡ್ ದೋಷವನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಇಂತಹವರಿಗೆ ದುಬಾರಿ ಲೋಷನ್ ಮಾರುವುದಕ್ಕಿಂತ ವೈದ್ಯರಲ್ಲಿಗೆ ಕಳುಹಿಸುವುದೇ ಲೇಸು. ತೆಂಗಿನೆಣ್ಣೆಯು ಇರುವ ಕೂದಲನ್ನು ಸವೆತದಿಂದ ಕಾಪಾಡುತ್ತದೆಯೇ ಹೊರತು ಬೊಕ್ಕತಲೆಯಲ್ಲಿ ಹೊಸ ಕೂದಲು ಬೆಳೆಸುವುದಿಲ್ಲ.

ಎರಡು ಔಷಧಗಳು

ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಮಾತ್ರೆ. ಸೇವಿಸಿದವರ ಮೈಮೇಲೆ ರೋಮ ಬೆಳೆದುದನ್ನು ಗಮನಿಸಿ ತಲೆಗೆ ಹಚ್ಚುವ ದ್ರಾವಣವನ್ನು ಸಿದ್ಧಪಡಿಸಲಾಯಿತು. ಅಮೆರಿಕದಲ್ಲಿ ಇದಕ್ಕೆ 1988ರಲ್ಲಿ ಅನುಮತಿ ದೊರೆಯಿತು. ಫಲ ಕಾಣಲು ಕನಿಷ್ಠ ನಾಲ್ಕು ತಿಂಗಳಾದರೂ ಬೇಕು. ಆರಂಭದಲ್ಲಿ ಕೂದಲು ಇನ್ನಷ್ಟು ಉದುರಬಹುದು. ನೆತ್ತಿಯ ತುರಿಕೆ, ಮುಖದ ಮೇಲೆ ರೋಮ, ಕೆಲವರಲ್ಲಿ ತಲೆಸುತ್ತು ಹಾಗೂ ಎದೆಬಡಿತ ಉಂಟಾಗಬಹುದು.

1997ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ 1 ಮಿಲಿಗ್ರಾಂ ಫಿನಾಸ್ಟೆರೈಡ್ ಮಾತ್ರೆಯು ವಯಸ್ಕ ಪುರುಷರಿಗೆ ಮಾತ್ರ. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಂದುತ್ತದೆ, ಖಿನ್ನತೆ ಕಾಣಿಸಿಕೊಳ್ಳುತ್ತದೆ. ಆತ್ಮಹತ್ಯೆಯ ಆಲೋಚನೆಯೂ ಇದರ ಅಡ್ಡಪರಿಣಾಮವೆಂದು ಯುರೋಪಿನ ಔಷಧ ಪ್ರಾಧಿಕಾರವು 2025ರಲ್ಲಿ ದೃಢಪಡಿಸಿತು. ಗರ್ಭದಲ್ಲಿರುವ ಗಂಡುಶಿಶುವಿಗೆ ಹಾನಿಯಾಗುವ ಸಂಭವವಿರುವುದರಿಂದ ಗರ್ಭಿಣಿಯರು ಇದರ ಪುಡಿಯಾದ ಮಾತ್ರೆಯನ್ನು ಮುಟ್ಟಲೂ ಬಾರದು. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರಲಾಗದು.

ಈ ಎರಡೂ ಔಷಧಗಳ ಫಲ ಬಳಸುವವರೆಗೆ ಮಾತ್ರ. ನಿಲ್ಲಿಸಿದರೆ ಉಳಿದುಬಂದ ಕೂದಲು ಕೆಲವು ತಿಂಗಳುಗಳಲ್ಲಿ ಮತ್ತೆ ಉದುರತೊಡಗುತ್ತದೆ. ಅಂದರೆ ಇದು ಒಂದು ಬಾಟಲಿಯ ಖರ್ಚಲ್ಲ, ವರ್ಷಾನುವರ್ಷದ ಖರ್ಚು. ಗ್ರಾಹಕರಿಗೆ ಇದನ್ನು ಮೊದಲೇ ತಿಳಿಸತಕ್ಕದ್ದು.

ಕೂದಲು ಕಸಿ

ಕಸಿಯು ಶಸ್ತ್ರಚಿಕಿತ್ಸೆಯೇ ಹೊರತು ಸೌಂದರ್ಯ ಮಳಿಗೆಯ ಸೇವೆಯಲ್ಲ. ಸೋಂಕು, ರಕ್ತಸ್ರಾವ, ಕಲೆ, ಅರಿವಳಿಕೆಯ ತೊಂದರೆಗಳು ಇದರಲ್ಲಿಯೂ ಸಂಭವಿಸಬಹುದು. ಸೂಕ್ತ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ನಡೆಸಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸೂಚಿಸಿದೆ. ಕಡಿಮೆ ದರದ ಜಾಹೀರಾತನ್ನು ನಂಬಿ ದೂರದ ನಗರಕ್ಕೆ ಹೊರಡುವವರು ಶಸ್ತ್ರಚಿಕಿತ್ಸೆ ಮಾಡುವವರ ಅರ್ಹತೆಯನ್ನು ಮೊದಲು ವಿಚಾರಿಸಬೇಕು.

ಕಾನೂನು ಏನು ಹೇಳುತ್ತದೆ?

1945ರ ಔಷಧ ನಿಯಮಗಳ 'ಜೆ' ಅನುಸೂಚಿಯಲ್ಲಿ ಬೊಕ್ಕತಲೆಯೂ ಹೊಸ ಕೂದಲಿನ ಬೆಳವಣಿಗೆಯೂ ಸೇರಿವೆ. ಈ ಪಟ್ಟಿಯಲ್ಲಿರುವುದನ್ನು ಗುಣಪಡಿಸುವುದಾಗಿ ಯಾವ ಔಷಧವೂ ಹೇಳಿಕೊಳ್ಳಬಾರದೆಂದು 106ನೇ ನಿಯಮವು ವಿಧಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೂ ಪ್ರಚಾರ ಮಾಡಿದವರಿಗೂ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. 'ಮೂವತ್ತು ದಿನಗಳಲ್ಲಿ ಹೊಸ ಕೂದಲು, ಗ್ಯಾರಂಟಿ' ಎಂಬಂತಹ ಫಲಕಗಳನ್ನು ಅಂಗಡಿಯ ಮುಂದೆ ತೂಗುಹಾಕುವ ಮುನ್ನ ಇದನ್ನು ನೆನಪಿಡಬೇಕು.

ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಔಷಧವನ್ನು ದಾಸ್ತಾನು ಮಾಡದಿರುವುದು, ಪ್ರತಿ ಮಾರಾಟಕ್ಕೂ ಬಿಲ್ಲು ಕೊಡುವುದು, ತಲೆಸುತ್ತು ಅಥವಾ ಮನಸ್ಸಿನ ಕುಗ್ಗುವಿಕೆಯ ದೂರು ಬಂದರೆ ಔಷಧ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣುವಂತೆ ತಿಳಿಸುವುದು: ಇವಿಷ್ಟು ಪಾಲಿಸಿದರೆ ಗ್ರಾಹಕರಿಗೂ ಕ್ಷೇಮ, ಅಂಗಡಿಗೂ ಕ್ಷೇಮ. ಒಂದು ಬಾಟಲಿಯ ಲಾಭ ಅಂದಿಗೇ ಮುಗಿಯುತ್ತದೆ. ಪೇಟೆಯಲ್ಲಿ ಗಳಿಸಿದ ನಂಬಿಕೆಯಾದರೋ ಮುಂದಿನ ತಲೆಮಾರಿಗೂ ಬಂಡವಾಳವಾಗಿ ಉಳಿಯುತ್ತದೆ.